ವಾಪಸಾದ ನಿಂಬೆಹಣ್ಣು

ಬಿಳಿಕಲ್ಲು ಜಿಲ್ಲೆಯ ಪ್ರಧಾನ ನ್ಯಾಯಾಧೀಶೆ ಅಂಬುಜಾಕ್ಷಿಯವರು ಯಾರಿಂದಲೂ ಒಂದು ನಿಂಬೆಹಣ್ಣನ್ನೂ ಮುಟ್ಟುವವರಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಹೊಸ ವರ್ಷದ ದಿನ ಸಾಹೇಬರ ಕೈಗೊಂದು ನಿಂಬೆಹಣ್ಣು ಕೊಟ್ಟು ನಮಸ್ಕರಿಸುವುದು ನಮ್ಮ ಕಚೇರಿಗಳ ಹಳೆಯ ಪದ್ಧತಿ. ಕಾಗದ ಹೋಗಿ ಪರದೆ ಬಂತು, ಸಮನ್ಸು ಹಿಡಿದು ಊರೂರು ಅಲೆಯುವ ಅಮೀನ ಹೋಗಿ ಫೋನಿಗೆ ಬಂದು ಬೀಳುವ ಸಮನ್ಸು ಬಂತು, ನಿಂಬೆಹಣ್ಣು ಮಾತ್ರ ಹೋಗಿರಲಿಲ್ಲ. ಅಂಬುಜಾಕ್ಷಿಯವರು ಬಂದ ಮೊದಲ ವರ್ಷ ಕೋರ್ಟಿನ ದಫೇದಾರ ಚನ್ನಿಗಪ್ಪ, ಮನೆಯ ಗಿಡದ್ದೇ ಎಂದು ಹೇಳಿ ಒಂದು ಹಣ್ಣನ್ನು ಅವರ ಮೇಜಿನ ಮೇಲಿಟ್ಟ. ಅವರು ಅದನ್ನು ಪೆನ್ನಿನ ತುದಿಯಿಂದ ಅವನ ಕಡೆಗೇ ಉರುಳಿಸಿದರು.

"ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಚನ್ನಿಗಪ್ಪ. ತಗೊಂಡು ಹೋಗಿ ಪಾನಕ ಮಾಡ್ಕೊಂಡು ಕುಡೀರಿ."

ಬರೀ ನಿಂಬೆಹಣ್ಣಿನ ಮಾತಲ್ಲ. ವಕೀಲರ ಮನೆಯ ಮದುವೆಗೆ ಅವರು ಹೋಗುತ್ತಿರಲಿಲ್ಲ. ಸಂಕ್ರಾಂತಿಗೆ ಪಕ್ಕದ ಬೀದಿಯಿಂದ ಬಂದ ಎಳ್ಳುಬೆಲ್ಲ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತಿತ್ತು. ತರಕಾರಿ ತರುವುದು ಗಂಡ ವಿಶ್ವೇಶರ ಕೆಲಸ. ಅಂಗಡಿಯವನು ನಾಲ್ಕು ಎಸಳು ಕರಿಬೇವು ಮೇಲೆ ಹಾಕಿದರೆ ಅದನ್ನೂ ತೆಗೆದಿಟ್ಟು ಬರಬೇಕೆಂದು ಅಪ್ಪಣೆಯಾಗಿತ್ತು. ಅಮ್ಮನೋರು ರಸೀದಿ ಇಲ್ಲದೆ ಗಾಳಿಯನ್ನೂ ಉಸಿರಾಡುವುದಿಲ್ಲ ಎಂದು ಕೋರ್ಟಿನ ಕ್ಯಾಂಟೀನಿನಲ್ಲಿ ನಗುತ್ತಿದ್ದರು. ಆ ನಗು ಅಂಬುಜಾಕ್ಷಿಯವರ ಕಿವಿಗೂ ಬಿದ್ದಿತ್ತು, ಒಳಗೊಳಗೇ ಹಿತವಾಗಿಯೂ ಇತ್ತು. ಮನೆಯ ಎಲ್ಲ ಬಾಗಿಲಿಗೂ ಅಗುಳಿ ಹಾಕಿದ್ದೇನೆ ಎಂಬ ನೆಮ್ಮದಿ ಅದು. ಬಂದದ್ದು ಬಾಗಿಲಿನಿಂದಲ್ಲ. ಸರ್ಕಾರದ ಮೊಹರು ಹಾಕಿದ ರಟ್ಟಿನ ಪೆಟ್ಟಿಗೆಯಲ್ಲಿ ಬಂದು, ಅವರ ಮೇಜಿನ ಮೇಲೇ ಕುಳಿತಿತ್ತು.

ಅದರ ಪೂರ್ತಿ ಹೆಸರು ನ್ಯಾಯ ಮುನ್ಸೂಚಿ. ಜನರ ಬಾಯಲ್ಲಿ ಬರೀ 'ಸೂಚಿ'. ಅಂಗೈ ಅಗಲದ ಒಂದು ಪರದೆ, ನ್ಯಾಯಾಧೀಶರಿಗೆ ಮಾತ್ರ ಕಾಣುವಂತೆ ಓರೆಯಾಗಿ ನಿಲ್ಲಿಸಿದ್ದು. ನಮ್ಮ ಕೋರ್ಟುಗಳಲ್ಲಿ ನ್ಯಾಯಾಧೀಶರು ಎಲ್ಲರೆದುರು ಬಾಯಲ್ಲಿ ಆದೇಶ ಹೇಳುತ್ತಾರೆ, ಸ್ಟೆನೋ ಬರೆದುಕೊಳ್ಳುತ್ತಾಳೆ. ಸೂಚಿಯೂ ಅದನ್ನು ಕೇಳುತ್ತದೆ. ಆ ಕೇಸಿನ ದಾಖಲೆಯನ್ನೆಲ್ಲ ಓದಿ, ರಾಜ್ಯದ ಲಕ್ಷಾಂತರ ಹಳೆಯ ಆದೇಶಗಳ ಪಕ್ಕ ಇಟ್ಟು ನೋಡಿ, ಈಗ ಹೇಳುತ್ತಿರುವ ಆದೇಶವನ್ನು ಮೇಲಿನ ಕೋರ್ಟು ತಳ್ಳಿಹಾಕುವ ಸಂಭವ ನೂರಕ್ಕೆ ಎಷ್ಟು ಎಂದು ಆ ಕ್ಷಣವೇ ತೋರಿಸುತ್ತದೆ. ಕಡಿಮೆಯಿದ್ದರೆ ಹಸಿರು, ನಡುವೆ ಹಳದಿ, ಮೇಲೇರಿದರೆ ಕೆಂಪು.

ಸುಳ್ಳು ಹೇಳಬಾರದು, ಮೊದಮೊದಲು ಅದರಿಂದ ಒಳ್ಳೆಯದೇ ಆಯಿತು. ಮರೆತ ಕಲಮುಗಳನ್ನು ನೆನಪಿಸಿತು, ಅವಸರದ ತಪ್ಪುಗಳನ್ನು ಹಿಡಿಯಿತು, ಅಪೀಲುಗಳ ರಾಶಿ ಕರಗಿತು. ಆಮೇಲೆ ಯಾರೋ ಬುದ್ಧಿವಂತರಿಗೆ ಒಂದು ಯೋಚನೆ ಬಂತು. ಹಸಿರಿನಲ್ಲಿ ಬರೆಯುವವರಿಗೆ ವರ್ಷಕ್ಕೊಮ್ಮೆ 'ಸ್ಥಿರತೆಯ ಅಂಕ' ಕೊಡೋಣ ಎಂದರು. ಸೂಚಿ ಬರೀ ಸಲಹೆ, ನ್ಯಾಯಾಧೀಶರು ಸರ್ವಸ್ವತಂತ್ರರು ಎಂದು ಸುತ್ತೋಲೆಯಲ್ಲಿ ದಪ್ಪ ಅಕ್ಷರದಲ್ಲೇ ಇತ್ತು. ಬಡ್ತಿಯ ಪಟ್ಟಿ ಮಾತ್ರ ಅಂಕದ ಪ್ರಕಾರ ತಯಾರಾಗುತ್ತಿತ್ತು. ಅಂಬುಜಾಕ್ಷಿಯವರ ಅಂಕ ರಾಜ್ಯದಲ್ಲೇ ಮೇಲಿನದು. ಆ ವರ್ಷ ಮೇಲಿನ ಕೋರ್ಟಿಗೆ ಹೋಗುವವರ ಪಟ್ಟಿಯಲ್ಲಿ ಅವರ ಹೆಸರಿತ್ತು.

ಊರೂ ಹೊಂದಿಕೊಂಡಿತು, ಊರಿನ ಗುಣವೇ ಅದು. ವಕೀಲರ ಫೋನಿಗೆ ಸೂಚಿಯ ಚಿಕ್ಕ ತಮ್ಮನಂಥದ್ದೊಂದು ಬಂತು. ಮನೆ ಮಾಲೀಕನ ಮೇಲೆ, ಕಾರ್ಖಾನೆಯ ಮೇಲೆ, ಸರ್ಕಾರದ ಮೇಲೆ ದಾವೆ ಹಾಕಲು ಬಂದವರಿಗೆ ಕ್ಯಾಂಟೀನಿನ ಬೆಂಚಿನಲ್ಲೇ ಅಂಕಿ ಗೊತ್ತಾಗುತ್ತಿತ್ತು. ಚಹಾ ಕುಡಿದು ಹಾಗೇ ಬಸ್ಸು ಹತ್ತುತ್ತಿದ್ದರು. ಕೇಸುಗಳು ಕಡಿಮೆಯಾದವು ಎಂದು ಬಿಳಿಕಲ್ಲಿಗೆ 'ವ್ಯಾಜ್ಯಮುಕ್ತ ಜಿಲ್ಲೆ' ಎಂಬ ಪ್ರಶಸ್ತಿಯೂ ಬಂತು. ಕೋರ್ಟಿನೊಳಗೆ ವಕೀಲರು ಇನ್ನೊಂದು ವಿದ್ಯೆ ಕಲಿತಿದ್ದರು. ಪರದೆ ಅವರಿಗೆ ಕಾಣುತ್ತಿರಲಿಲ್ಲ, ಆದರೆ ಅಂಬುಜಾಕ್ಷಿಯವರ ಕನ್ನಡಕ ಕಾಣುತ್ತಿತ್ತು. ಗಾಜಿನಲ್ಲಿ ಹಸಿರು ಮಿನುಗಿದರೆ ವಾದ ಮುಂದುವರಿಸು, ಕೆಂಪು ಮಿನುಗಿದರೆ ಕೂತುಕೋ. ಕಾನೂನು ಓದಿದವರು ಪುಸ್ತಕ ಬಿಟ್ಟು ಕನ್ನಡಕ ಓದುತ್ತಿದ್ದರು.

*

ಪುಟ್ಟಲಿಂಗಮ್ಮನ ಜಾಮೀನು ಅರ್ಜಿ ಬಂದದ್ದು ಇಂಥ ದಿನಗಳಲ್ಲಿ.

ಊರಾಚೆಯ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆಯವಳು. ಸಂಜೆ ಪಾಳಿ ಮುಗಿಸಿದ ಹೆಂಗಸರನ್ನು ಮನೆಗೆ ಬಿಡುತ್ತಿದ್ದ ಬಸ್ಸನ್ನು ಆಡಳಿತದವರು ನಿಲ್ಲಿಸಿದಾಗ ಗೇಟಿನ ಮುಂದೆ ಧರಣಿ ಕೂತಿದ್ದರು. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವಳು ಇವಳು. ಅದೇ ವಾರ ಕಟ್ಟಡದ ಹಿಂದಿದ್ದ ಬಟ್ಟೆಯ ಗೋದಾಮಿಗೆ ಬೆಂಕಿ ಬಿತ್ತು. ಇವಳೇ ಕಡ್ಡಿ ಗೀರಿದ್ದನ್ನು ಗೇಟಿನಲ್ಲಿ ನಿಂತು ಕಂಡೆ ಎಂದು ಒಬ್ಬ ಸೂಪರ್‌ವೈಸರ್ ಹೇಳಿಕೆ ಕೊಟ್ಟ. ಹೊಸ ಕೈಗಾರಿಕಾ ರಕ್ಷಣಾ ಕಾಯಿದೆಯಲ್ಲಿ ಅಷ್ಟು ಸಾಕು, ಹಿಡಿದು ಒಳಗೆ ಹಾಕಿದರು. ಮನೆಯಲ್ಲಿ ಇನ್ನೂ ಎದೆಹಾಲು ಬಿಡದ ಹೆಣ್ಣುಮಗು. ಜೈಲಿನಲ್ಲಿ ಮಗುವನ್ನು ಜೊತೆಗಿಟ್ಟುಕೊಳ್ಳಲು ಅವಕಾಶವಿತ್ತು, ಆದರೆ ಮಗುವಿಗೆ ಉಬ್ಬಸ. ಅಲ್ಲಿನ ತಂಡಿಗೆ ಉಳಿಯುವುದಿಲ್ಲವೆಂದು ಅಜ್ಜಿಯ ಬಳಿ ಬಿಟ್ಟಿದ್ದಳು.

ಅವಳ ವಕೀಲ ಷಡಕ್ಷರಿ ಹಳೆಯ ಕಾಲದ ಮನುಷ್ಯ. ಹೆಚ್ಚು ಮಾತಾಡದೆ ಪೊಲೀಸರದ್ದೇ ನಕ್ಷೆಯನ್ನು ತೋರಿಸಿದರು. ಗೇಟು ಮುಂದೆ, ಗೋದಾಮು ಹಿಂದೆ, ನಡುವೆ ನಾಲ್ಕು ಅಂತಸ್ತಿನ ಕಟ್ಟಡ. ಅಂಬುಜಾಕ್ಷಿಯವರು ಅದನ್ನು ಹಿಂದಿನ ದಿನ ಮನೆಯಲ್ಲಿ ಓದುವಾಗಲೇ ಗುರುತು ಹಾಕಿಕೊಂಡಿದ್ದರು. ಮನಸ್ಸಿನಲ್ಲಿ ಸಂದೇಹವೇ ಇರಲಿಲ್ಲ. ಸರ್ಕಾರಿ ವಕೀಲರ ಮಾತು ಮುಗಿದದ್ದೇ ಸ್ಟೆನೋ ನಾಗವೇಣಿಯ ಕಡೆ ತಿರುಗಿ ಆದೇಶ ಹೇಳತೊಡಗಿದರು. ಗೇಟಿನಲ್ಲಿ ನಿಂತ ಸಾಕ್ಷಿಗೆ ಕಟ್ಟಡದ ಹಿಂದಿನ ಗೋದಾಮು ಕಾಣುವುದು ಸಾಧ್ಯವಿಲ್ಲ, ಮೇಲ್ನೋಟಕ್ಕೇ ಈ ಹೇಳಿಕೆಯನ್ನು ನಂಬಲಾಗದು, ಆದ್ದರಿಂದ ಆರೋಪಿಯನ್ನು...

ಕಣ್ಣಂಚಿನಲ್ಲಿ ಕೆಂಪು ಬಂತು. ತೊಂಬತ್ತೊಂದು.

ಅವರು ಮಾತು ನಿಲ್ಲಿಸಿ ನೀರು ಕುಡಿದರು. ಯಾರೂ ಫೋನು ಮಾಡಿರಲಿಲ್ಲ, ಯಾವ ಮಂತ್ರಿಯ ಕಡೆಯವನೂ ಬಂದಿರಲಿಲ್ಲ. ಇದು ಹೆದರಿಕೆಯಲ್ಲ, ಶಿಸ್ತು ಎಂದು ತಮಗೆ ತಾವೇ ಹೇಳಿಕೊಂಡರು. ಇಂದು ಬಿಟ್ಟು, ನಾಳೆ ಮೇಲಿನವರು ಆದೇಶ ರದ್ದು ಮಾಡಿ ಮತ್ತೆ ಒಳಗೆ ಹಾಕಿದರೆ ಈ ಹೆಂಗಸಿಗೇ ಕಷ್ಟವಲ್ಲವೇ ಎಂದೂ ಹೇಳಿಕೊಂಡರು. ಪಟ್ಟಿಯ ನೆನಪು ಬಂದದ್ದನ್ನು ಮಾತ್ರ ಹೇಳಿಕೊಳ್ಳಲಿಲ್ಲ. ಲೋಟ ಕೆಳಗಿಟ್ಟು, "ನಾಗವೇಣಿ, ಆ ಪ್ಯಾರಾ ಬಿಡಿ" ಎಂದರು. ಸಾಕ್ಷಿಯ ಮಾತಿನ ಸತ್ಯಾಸತ್ಯವನ್ನು ಮುಂದೆ ವಿಚಾರಣೆಯ ಹಂತದಲ್ಲಿ ನೋಡಬೇಕಾಗಿದೆ, ಆರೋಪ ಗಂಭೀರವಾಗಿದೆ, ಅರ್ಜಿ ತಿರಸ್ಕೃತ. ಪರದೆ ಹಸಿರಾಯಿತು.

ಕಟಕಟೆಯಿಂದ ಒಂದು ದನಿ ಬಂತು. ಸಿಟ್ಟಿನದ್ದಲ್ಲ, ಅಳುವಿನದ್ದೂ ಅಲ್ಲ. ಅಂಗಡಿಯಲ್ಲಿ ಲೆಕ್ಕ ತಪ್ಪಿದಾಗ ಹೇಳುವ ಹಾಗಿತ್ತು.

"ಮೊದ್ಲು ಹೇಳಿದ್ದೇ ಸರಿಯಾಗಿತ್ತಲ್ಲವ್ವ."

ಚನ್ನಿಗಪ್ಪ ಸದ್ದು ಎಂದು ಗದರಿದ. ಅಂಬುಜಾಕ್ಷಿಯವರು ಮುಂದಿನ ಕೇಸು ಕರೆಯಲು ಹೇಳಿದರು. ಷಡಕ್ಷರಿಯವರು ಮೇಲಿನ ಕೋರ್ಟಿಗೆ ಹೋಗಲಿಲ್ಲ. ಅಲ್ಲೂ ಇದೇ ಗತಿ ಎಂದು ಅವರ ಫೋನೇ ಹೇಳುತ್ತಿರುವಾಗ, ಆ ಅಜ್ಜಿಯಿಂದ ಬಸ್ಸಿನ ಖರ್ಚು ಮಾಡಿಸಲು ಅವರಿಗೆ ಮನಸ್ಸು ಬರಲಿಲ್ಲ.

*

ಆ ಸಂಜೆ ವಿಶ್ವೇಶ ಬಸ್ಸಾರು ಮಾಡಿದ್ದರು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಅಡುಗೆಯನ್ನೂ ಪ್ರಯೋಗ ಮಾಡಿದಂತೆ ಅಳತೆ ಹಾಕಿ ಮಾಡುತ್ತಿದ್ದರು. ಹೆಂಡತಿ ಮುದ್ದೆಯನ್ನು ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟದ್ದನ್ನು ನೋಡಿ ಏನಾಯಿತೆಂದು ಕೇಳಿದರು. ಕೇಸಿನ ಮಾತು ಮನೆಯಲ್ಲಿ ಆಡುವುದು ಅಂಬುಜಾಕ್ಷಿಯವರ ರೂಢಿಯಲ್ಲ. ಅಂದು ಮಾತ್ರ ಹೆಸರು ಹೇಳದೆ, ಒಂದು ಆದೇಶ ಅರ್ಧದಲ್ಲಿ ಬದಲಾಯಿತು ಎಂದಷ್ಟೇ ಹೇಳಿ, ಯಾರ ಒತ್ತಡವೂ ಇರಲಿಲ್ಲ ಎಂದು ಕೇಳದಿದ್ದರೂ ಸೇರಿಸಿದರು.

"ಯಾರಾದ್ರೂ ಫೋನ್ ಮಾಡಿದ್ದಿದ್ರೆ ನೀನು ಮಾತೇ ಕೇಳ್ದೆ ಫೋನ್ ಇಟ್ಬಿಡ್ತಿದ್ದೆ" ಎಂದರು ವಿಶ್ವೇಶ. "ಮಾಡ್ಲಿಲ್ವಲ್ಲ, ಅದೇ ತೊಂದರೆ ಆಗಿರೋದು."

ಆಮೇಲೆ ತಮ್ಮ ತರಗತಿಯ ಒಂದು ಕಥೆ ಹೇಳಿದರು. ಪ್ರಯೋಗಶಾಲೆಯಲ್ಲಿ ಒಮ್ಮೆ ಎಲ್ಲ ಹುಡುಗರ ಉತ್ತರವೂ ಒಂದೇ ಬಂದಿತ್ತಂತೆ. ಇಷ್ಟು ಜನ ಅಳೆದದ್ದು ಒಂದೇ ಆದರೆ ಸರಿಯೇ ಇರಬೇಕೆಂದು ಇವರೂ ಸಹಿ ಹಾಕಿದ್ದರು. ನೋಡಿದರೆ ಅಳೆದವನು ಯಾರೂ ಇಲ್ಲ. ಮೊದಲ ಬೆಂಚಿನ ಜಾಣ ಅಂದಾಜಿಗೆ ಬರೆದಿದ್ದ, ಮಿಕ್ಕವರು ಅವನನ್ನು ನೋಡಿ ಬರೆದಿದ್ದರು. ಕಥೆ ಮುಗಿಸಿ, ಮೊದಲು ಹೇಳಹೊರಟಂಥ ಆದೇಶವನ್ನು ಮೇಲಿನ ಕೋರ್ಟು ಕೊನೆಯ ಸಲ ನಿಜವಾಗಿ ತಳ್ಳಿಹಾಕಿದ್ದು ಯಾವಾಗ ಎಂದು ಕೇಳಿದರು.

ಅಂಬುಜಾಕ್ಷಿಯವರು ಗೊತ್ತಿಲ್ಲವೆಂದು ಹೇಳುವ ಬದಲು, ಕಾನೂನು ನಿಮ್ಮ ಪ್ರಯೋಗಶಾಲೆಯಲ್ಲ ಎಂದು ಸಿಡುಕಿ ಕೈ ತೊಳೆಯಲು ಎದ್ದರು.

ದಿನಗಳು ಉರುಳಿದವು. ಮಳೆಗಾಲ ಕಳೆಯಿತು, ದೀಪಾವಳಿ ಬಂತು. ತಿಂಗಳಿಗೊಮ್ಮೆ ಪುಟ್ಟಲಿಂಗಮ್ಮನನ್ನು ಕೋರ್ಟಿಗೆ ತಂದು ಮುಂದಿನ ತಾರೀಖು ಕೊಟ್ಟು ಕಳಿಸುತ್ತಿದ್ದರು. ಅವಳು ಮತ್ತೆ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅಂಬುಜಾಕ್ಷಿಯವರಿಗೆ ಹಗುರವಾಗುತ್ತಿತ್ತೇನೋ. ಅವಳು ಕಟಕಟೆಯಲ್ಲಿರುವಷ್ಟು ಹೊತ್ತು ಅವರು ತಲೆ ಎತ್ತದೆ ದಾಖಲೆ ತಿರುವುತ್ತಿದ್ದರು.

*

ಬೇಸಿಗೆಯ ಹೊತ್ತಿಗೆ ರಾಜಧಾನಿಯಿಂದ ಕರೆ ಬಂತು. ಸ್ಥಿರತೆಯ ಅಂಕದಲ್ಲಿ ಮೊದಲಿಗರಾದವರಿಗೆ ಸೂಚಿಯ ಕೇಂದ್ರದಲ್ಲೇ ಸನ್ಮಾನ. ಶಾಲು, ಹಾರ, ಗಾಜಿನ ತಕ್ಕಡಿಯ ಸ್ಮರಣಿಕೆ. ಇಲಾಖೆಯೇ ಕೊಟ್ಟದ್ದಾದ್ದರಿಂದ ಅಂಬುಜಾಕ್ಷಿಯವರು ಅದನ್ನು ಹಿಂದಕ್ಕೆ ಉರುಳಿಸಲಿಲ್ಲ.

ಊಟವಾದ ಮೇಲೆ ಬಂದವರಿಗೆಲ್ಲ ಕೇಂದ್ರ ತೋರಿಸಿದರು. ತಣ್ಣನೆಯ ದೊಡ್ಡ ಕೋಣೆ, ಗೋಡೆಯಗಲದ ಪರದೆ. ವಿವರಿಸಲು ನಿಂತವಳು ಮೃಣಾಲಿನಿ ಎಂಬ ಇಂಜಿನಿಯರ್. ಉತ್ಸಾಹದ ಹುಡುಗಿ, ತಾನು ಕಟ್ಟಿದ್ದರ ಮೇಲೆ ಪ್ರೀತಿಯಿದ್ದವಳು. ಉಳಿದವರು ಕಾಫಿಗೆ ಹೋದಾಗ ಅಂಬುಜಾಕ್ಷಿಯವರು ಹಿಂದೆ ಉಳಿದು, ವಿಶ್ವೇಶರ ಪ್ರಶ್ನೆಯ ಎಳೆ ಹಿಡಿದು ಕೇಳಿದರು. ಕೈಗಾರಿಕಾ ರಕ್ಷಣಾ ಕಾಯಿದೆಯ ಜಾಮೀನು ಕೆಂಪು ತೋರಿಸುತ್ತದಲ್ಲ, ಯಾಕೆ?

ಮೃಣಾಲಿನಿ ಗೋಡೆಯ ಮೇಲೆ ಒಂದು ನಕ್ಷೆ ತೆರೆದಳು. ಒಂದೊಂದು ಆದೇಶವೂ ಒಂದೊಂದು ಚುಕ್ಕೆ. ತೂಕ ಹೆಚ್ಚಿದಷ್ಟೂ ಚುಕ್ಕೆ ದೊಡ್ಡದು, ಹಳತಾದಷ್ಟೂ ಮಂಕು. ಒಂದು ಕಡೆ ಜಾಮೀನು ನಿರಾಕರಿಸಿದ ಹಸಿರು ಚುಕ್ಕೆಗಳು ರಾಗಿ ಚೆಲ್ಲಿದ ಹಾಗೆ ಒತ್ತಾಗಿದ್ದವು. ಜಾಮೀನು ಕೊಟ್ಟವು ಇರಬೇಕಾದ ಕಡೆ ಬರೀ ಕೆಂಪು ಬಯಲು. ಒಂದು ಚುಕ್ಕೆಯೂ ಇರಲಿಲ್ಲ.

"ಇಲ್ಲೇನೂ ಇಲ್ವಲ್ಲಮ್ಮ?"

"ಅದಕ್ಕೇ ಕೆಂಪು ಮೇಡಂ" ಎಂದಳು ಹುಡುಗಿ. "ಇಷ್ಟು ಜನ ಅನುಭವಸ್ಥರು ಯಾರೂ ಬರೀತಿಲ್ಲ ಅಂದ್ಮೇಲೆ ಅದು ನಿಲ್ಲೋ ಆದೇಶ ಅಲ್ಲ ಅಂತ ಸೂಚಿ ತಿಳ್ಕೊಳ್ಳತ್ತೆ."

ಹಾಗಾದರೆ ಈ ಕಾಯಿದೆಯಲ್ಲಿ ಕೊಟ್ಟ ಜಾಮೀನನ್ನು ಮೇಲಿನವರು ಎಷ್ಟು ಸಲ ರದ್ದು ಮಾಡಿದ್ದಾರೆ ಎಂದು ಅಂಬುಜಾಕ್ಷಿಯವರು ಕೇಳಿದರು. ಮೃಣಾಲಿನಿ ಹುಡುಕಿದಳು. ಒಂದೂ ಇಲ್ಲವೆಂದಳು. ಕೆಳಗಿನಿಂದ ಒಂದಾದರೂ ಹೋಗಿದ್ದರೆ ತಾನೇ ರದ್ದು ಮಾಡುವುದು? ಮೇಲಿನವರಿಗೆ ಆ ಪ್ರಶ್ನೆ ಮುಟ್ಟಿಯೇ ಇಲ್ಲ. ಹಸಿರು ರಾಶಿಯ ನಡುವೆ, ಎಲ್ಲಕ್ಕಿಂತ ದಪ್ಪವಾಗಿ ಒಂದು ಚುಕ್ಕೆ ಕೂತಿತ್ತು. ಅದರ ಸುತ್ತ ಸಣ್ಣ ಚುಕ್ಕೆಗಳು ಗುಂಪುಗೂಡಿದ್ದವು. ಅದು ಯಾರದ್ದೆಂದು ಅಂಬುಜಾಕ್ಷಿಯವರು ಕೇಳಿದರು.

"ನಿಮ್ಮದೇ ಮೇಡಂ, ಬಿಳಿಕಲ್ಲಿಂದು. ಅಂಕ ಜಾಸ್ತಿ ಇರೋರ ಆದೇಶಕ್ಕೆ ತೂಕ ಜಾಸ್ತಿ. ಇದು ಬಂದ್ಮೇಲೆ ಈ ಥರದ ಕೇಸು ಎಲ್ಲಾ ಜಿಲ್ಲೇಲೂ ತೊಂಬತ್ತಾರಕ್ಕೆ ಹೋಯ್ತು" ಎಂದು ಮೃಣಾಲಿನಿ ಗೌರವದಿಂದಲೇ ಹೇಳಿದಳು. ಅದಕ್ಕೂ ಮೊದಲಿನ ತೊಂಬತ್ತೊಂದು ಎಲ್ಲಿಂದ ಬಂತೆಂದು ಕೇಳಿದ್ದಕ್ಕೆ, ಬೇರೆ ಬೇರೆ ಕಠಿಣ ಕಾಯಿದೆಗಳಲ್ಲಿ ಬರೆದ ಹಳೆಯ ಆದೇಶಗಳಿಂದ ಎಂದಳು. ಅದರಲ್ಲೂ ನಿಮ್ಮವು ತುಂಬಾ ಇವೆ ಎಂದು ಸೇರಿಸಿದಳು, ಹೊಗಳುವ ದನಿಯಲ್ಲಿ.

ಅಂಬುಜಾಕ್ಷಿಯವರು ಆ ಸಣ್ಣ ಚುಕ್ಕೆಗಳನ್ನು ನೋಡುತ್ತ ನಿಂತರು. ಒಂದೊಂದು ಚುಕ್ಕೆಯ ಹಿಂದೆಯೂ ಒಬ್ಬ ನ್ಯಾಯಾಧೀಶ ನೀರು ಕುಡಿದಿದ್ದ. ಒಂದೊಂದರ ಒಳಗೂ ಒಬ್ಬ ಮನುಷ್ಯ ಕೂತಿದ್ದ. ಬೇಡವೆಂದರೂ ಎಣಿಸಲು ಹೊರಟ ಕಣ್ಣನ್ನು ಅವರು ಬಲವಂತದಿಂದ ತಿರುಗಿಸಿದರು.

ಊರಿಗೆ ಮರಳುವ ಕಾರಿನಲ್ಲಿ ಗಾಜಿನ ತಕ್ಕಡಿ ತೊಡೆಯ ಮೇಲಿತ್ತು. ಹೆದರಿದ್ದು ಮೇಲಿನವರಿಗೆ ಅಂದುಕೊಂಡಿದ್ದರು. ಮೇಲಿನವರು ಬಾಯಿಯೇ ತೆರೆದಿರಲಿಲ್ಲ. ತನ್ನ ನೆರಳು ಗೋಡೆಯ ಮೇಲೆ ದೊಡ್ಡದಾಗಿ ಬಿದ್ದದ್ದನ್ನು ಕಂಡು ತಾನೇ ನಡುಗಿ, ಆ ನಡುಕವನ್ನು ಬುದ್ಧಿವಂತಿಕೆಯೆಂದು ಇಡೀ ರಾಜ್ಯಕ್ಕೆ ಹಂಚಿದ್ದಾಗಿತ್ತು. ಚನ್ನಿಗಪ್ಪನ ನಿಂಬೆಹಣ್ಣು ನೆನಪಾಯಿತು, ಕರಿಬೇವಿನ ಎಸಳು ನೆನಪಾಯಿತು. ಕೋಟೆ ಕೊಟ್ಟು ದಿಡ್ಡಿ ಬಾಗಿಲು ಕಾದ ಹಾಗಾಯಿತು ತಮ್ಮ ಶೀಲ. ಮನೆಯ ಮುಂದೆ ಕಾರು ನಿಂತ ಮೇಲೂ ನಾಚಿಕೆಯಿಂದ ಇಳಿಯಲಾರದೆ ಕೂತಿದ್ದರು.

ವಿಶ್ವೇಶ ಬಾಗಿಲು ತೆಗೆದು, ಸ್ಮರಣಿಕೆಯನ್ನು ಎಲ್ಲಿಡಲಿ ಎಂದು ಕೇಳಿದರು. ಕಣ್ಣಿಗೆ ಬೀಳದ ಕಡೆ ಎಂದರು ಅಂಬುಜಾಕ್ಷಿ. ಊಟಕ್ಕೆ ಕೂತಾಗ, ಆ ಮೊದಲ ಬೆಂಚಿನ ಜಾಣ ತಾನೇ ಎಂದು ಹೇಳಿಬಿಟ್ಟರು. ವಿಶ್ವೇಶ ಮಜ್ಜಿಗೆ ಬಡಿಸಿದರು.

*

ತಪ್ಪು ಗೊತ್ತಾಯಿತು, ಮರುದಿನವೇ ತಿದ್ದಿದರು ಎಂದು ಬರೆಯಲು ನನಗೂ ಇಷ್ಟವೇ. ಹಾಗಾಗಲಿಲ್ಲ. ಷಡಕ್ಷರಿ ಮತ್ತೆ ಅರ್ಜಿ ಹಾಕಿರಲಿಲ್ಲ. ವಕೀಲರನ್ನು ಕರೆಸಿ ಅರ್ಜಿ ಹಾಕಿ ಎನ್ನುವುದು ನ್ಯಾಯಾಧೀಶರಿಗೆ ಒಪ್ಪುವ ಮಾತಲ್ಲ. ಅಂಬುಜಾಕ್ಷಿಯವರು ಆ ನಿಯಮದ ಹಿಂದೆ ಅಡಗಿ ಕೂತರು. ಕಾಯುವುದಕ್ಕೊಂದು ಮರ್ಯಾದಸ್ಥ ಕಾರಣ ಸಿಕ್ಕಿತಲ್ಲ ಎಂದು ಒಳಗೆಲ್ಲೋ ಸಮಾಧಾನವೂ ಆಗಿತ್ತು. ಆ ಸಮಾಧಾನವನ್ನು ಕಂಡು ಇನ್ನಷ್ಟು ನಾಚಿದರು. ಕೊನೆಗೆ ಪುಟ್ಟಲಿಂಗಮ್ಮನ ತಾರೀಖು ಬಂದ ದಿನ, ತೆರೆದ ಕೋರ್ಟಿನಲ್ಲಿ, ಎಲ್ಲರಿಗೂ ಕೇಳುವಂತೆ, ಜಾಮೀನಿಗೆ ಮತ್ತೆ ಅರ್ಜಿ ಯಾಕಿಲ್ಲ ಎಂದು ಕೇಳಿದರು. ಷಡಕ್ಷರಿ ಅಭ್ಯಾಸಬಲದಿಂದ ಅವರ ಕನ್ನಡಕ ನೋಡಿದರು. ಸೂಚಿ ಸುಮ್ಮನಿತ್ತು, ಗಾಜಿನಲ್ಲಿ ಯಾವ ಬಣ್ಣವೂ ಇರಲಿಲ್ಲ. ವಾರದೊಳಗೆ ಅರ್ಜಿ ಹಾಕಿದರು.

ಒಮ್ಮೆ ತಿರಸ್ಕರಿಸಿದ ಜಾಮೀನನ್ನು ಮತ್ತೆ ಕೇಳಬೇಕಾದರೆ ಬದಲಾದ ಸಂದರ್ಭವೊಂದನ್ನು ತೋರಿಸಬೇಕು. ಷಡಕ್ಷರಿ ತೋರಿಸಿದರು: ಒಳಗೆ ಹೋಗಿ ವರ್ಷವಾಗುತ್ತ ಬಂತು, ವಿಚಾರಣೆ ಇನ್ನೂ ಶುರುವಾಗಿಲ್ಲ. ಅದು ಗೌರವದ ದಾರಿ, ಯಾರಿಗೂ ಗಾಯವಾಗದ ದಾರಿ. ಅಂಬುಜಾಕ್ಷಿಯವರು ಅದನ್ನೇ ಹಿಡಿದು ಹೇಳತೊಡಗಿದರು, ದೀರ್ಘ ಬಂಧನವನ್ನು ಪರಿಗಣಿಸಿ ಎಂದು. ಪರದೆ ಹಳದಿಗೆ ಬಂದು ನಿಂತಿತು. ಇದೊಂದು ಪ್ಯಾರಾ ಮುಗಿಸಿದರೆ ಹೆಂಗಸೂ ಮನೆಗೆ ಹೋಗುತ್ತಾಳೆ, ತಮ್ಮ ಹೆಸರೂ ಪಟ್ಟಿಯಲ್ಲಿ ಉಳಿಯುತ್ತದೆ, ಹಳೆಯ ಆದೇಶದ ತಂಟೆಗೂ ಹೋಗಬೇಕಿಲ್ಲ. ಕೆಂಪು ಬಯಲು ಮಾತ್ರ ಖಾಲಿಯೇ ಉಳಿಯುತ್ತದೆ, ಆ ದಪ್ಪ ಚುಕ್ಕೆ ದಪ್ಪವಾಗಿಯೇ ಇರುತ್ತದೆ.

ತಲೆ ಎತ್ತಿ ಕಟಕಟೆಯ ಕಡೆ ನೋಡಿದರು. ಪುಟ್ಟಲಿಂಗಮ್ಮ ಕೇಳುತ್ತಲೇ ಇರಲಿಲ್ಲ. ತಿರುಗುವ ಫ್ಯಾನನ್ನು ನೋಡುತ್ತಿದ್ದಳು. ಅರ್ಧ ಹೇಳಿದ ಒಳ್ಳೆಯ ಮಾತಿಗೆ ಬೆಲೆಯಿಲ್ಲವೆಂದು ಈ ಕೋರ್ಟೇ ಅವಳಿಗೆ ಕಲಿಸಿತ್ತು.

"ನಾಗವೇಣಿ, ಆ ಪ್ಯಾರಾ ಬಿಡಿ" ಎಂದರು ಅಂಬುಜಾಕ್ಷಿ.

ಪುಟ್ಟಲಿಂಗಮ್ಮನ ಕಣ್ಣು ಫ್ಯಾನಿನಿಂದ ಇಳಿಯಿತು. ಆ ಮಾತು ಅವಳಿಗೆ ಗುರುತಿತ್ತು. ಷಡಕ್ಷರಿ ಕನ್ನಡಕ ನೋಡಿದರು. ಎರಡೂ ಗಾಜಿನಲ್ಲಿ ಕೆಂಪು ತುಂಬಿಕೊಳ್ಳತೊಡಗಿತ್ತು. ಆದದ್ದಾಯಿತು ಎಂದು ಅವರು ಕೂತುಬಿಟ್ಟರು. ಅಂಬುಜಾಕ್ಷಿಯವರು ಹೇಳುತ್ತಲೇ ಹೋದರು.

"ಇದೇ ಆರೋಪಿಯ ಹಿಂದಿನ ಅರ್ಜಿಯನ್ನು ಇದೇ ನ್ಯಾಯಾಲಯ ತಿರಸ್ಕರಿಸಿತ್ತು. ಅಂದಿನಿಂದ ಇಂದಿನವರೆಗೆ ದಾಖಲೆಯಲ್ಲಿ ಏನೂ ಬದಲಾಗಿಲ್ಲ. ಗೇಟಿನಲ್ಲಿ ನಿಂತವನಿಗೆ ಅಂದೂ ಗೋದಾಮು ಕಾಣುತ್ತಿರಲಿಲ್ಲ, ಇಂದೂ ಕಾಣುವುದಿಲ್ಲ. ಅಂದು ಈ ನ್ಯಾಯಾಧೀಶರು ದಾಖಲೆ ನೋಡಿ ಜಾಮೀನು ಕೊಡಲು ತೀರ್ಮಾನಿಸಿದ್ದರು, ಸೂಚಿಯ ಅಂಕಿ ನೋಡಿ ಆ ತೀರ್ಮಾನ ಬಿಟ್ಟರು. ಅದಕ್ಕೆ ಕಾನೂನಿನ ಕಾರಣ ಯಾವುದೂ ಇರಲಿಲ್ಲ. ಆರೋಪಿ ಇಷ್ಟು ಕಾಲ ಒಳಗಿದ್ದದ್ದು ಈ ನ್ಯಾಯಾಧೀಶರ ಹೆದರಿಕೆಯಿಂದ."

ನಾಗವೇಣಿಯ ಬೆರಳು ನಿಂತಿತು. "ಮೇಡಂ, ಇದನ್ನೂ ಬರೀಲಾ?"

"ಬರೀರಿ."

ಪರದೆ ತೊಂಬತ್ತೆಂಟು ತೋರಿಸುತ್ತಿತ್ತು. ಅದೇ ಕೆಂಪು ಗಾಜುಗಳ ಹಿಂದಿನಿಂದ ಜಾಮೀನು ಮಂಜೂರಾಯಿತು. ಕ್ಯಾಂಟೀನಿನಲ್ಲಿ ನಗುತ್ತಿದ್ದ ವಕೀಲರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ತಮ್ಮ ತಮ್ಮ ಫೋನುಗಳನ್ನು ಜೇಬಿಗೆ ಸೇರಿಸಿದರು. ಅಂಬುಜಾಕ್ಷಿಯವರಿಗೆ ಧೈರ್ಯ ಮಾಡಿದೆ ಎಂದೇನೂ ಅನಿಸಲಿಲ್ಲ. ಎಲ್ಲರೆದುರು ಸೆರಗು ಜಾರಿದವರಂತೆ ಕೂತಿದ್ದರು, ಸರಿಮಾಡಿಕೊಳ್ಳಲು ಕೈ ಏಳಲಿಲ್ಲ.

*

ಸರ್ಕಾರ ಮೇಲಿನ ಕೋರ್ಟಿಗೆ ಹೋಯಿತು. ತೊಂಬತ್ತೆಂಟರ ಪ್ರಕಾರ ಆದೇಶ ಬಿದ್ದು ಹೋಗಬೇಕಿತ್ತು. ಅಲ್ಲಿನ ನ್ಯಾಯಮೂರ್ತಿಗಳು ಪೊಲೀಸರ ನಕ್ಷೆ ನೋಡಿ, ಎರಡೇ ಪುಟದಲ್ಲಿ ಅದನ್ನು ಎತ್ತಿಹಿಡಿದರು. ಇಂಥದೊಂದು ಪ್ರಶ್ನೆ ನಮ್ಮವರೆಗೆ ಬರಲು ಯಾಕಿಷ್ಟು ಕಾಲ ಬೇಕಾಯಿತೆಂದು ತಿಳಿಯುತ್ತಿಲ್ಲ ಎಂದು ಕೊನೆಯಲ್ಲಿ ಒಂದು ಸಾಲು ಬರೆದಿದ್ದರು. ಅಂಬುಜಾಕ್ಷಿಯವರು ಆ ಸಾಲನ್ನು ಮತ್ತೆ ಮತ್ತೆ ಓದಿದರು. ಹೊಗಳಿಕೆಯೆಂದು ವಿಶ್ವೇಶ ಹೇಳಿದರೂ ಅವರಿಗೆ ಹಾಗೆ ಕಾಣಲಿಲ್ಲ. ಕೆಂಪು ಬಯಲಿನಲ್ಲಿ ಈಗ ಒಂದು ಚುಕ್ಕೆ. ಬೇರೆ ಜಿಲ್ಲೆಗಳಿಂದ ಇನ್ನೂ ಎರಡು ಮೂರು ಬಂದಿವೆಯೆಂದು ಮೃಣಾಲಿನಿ ಸಂದೇಶ ಕಳಿಸಿದ್ದಳು. ಕೆಂಪು ಆದೇಶ ಬರೆದದ್ದಕ್ಕೆ ಅಂಕ ಅಷ್ಟರಲ್ಲೇ ಇಳಿದಿತ್ತು, ಪಟ್ಟಿ ಅವರ ಹೆಸರಿಲ್ಲದೆ ಹೊರಟುಹೋಗಿತ್ತು. ಅದಕ್ಕೆ ನೋವಾಯಿತು. ಆಗಲಿಲ್ಲವೆಂದು ತಮಗೆ ತಾವೇ ಹೇಳಿಕೊಳ್ಳುವುದನ್ನು ಈ ಸಲ ಅವರು ಮಾಡಲಿಲ್ಲ.

ಜಾಮೀನು ಸಿಕ್ಕ ಮೇಲಿನ ಮೊದಲ ತಾರೀಖಿಗೆ ಪುಟ್ಟಲಿಂಗಮ್ಮ ಪೊಲೀಸರ ಕಾವಲಿಲ್ಲದೆ, ಬಸ್ಸಿನಲ್ಲಿ ಬಂದಳು. ಜೊತೆಗೆ ಅವಳ ತಾಯಿ, ತಾಯಿಯ ಸೊಂಟದಲ್ಲಿ ಮಗು. ಬೆಳಗಿನ ಕಲಾಪ ಮುಗಿಸಿ ಅಂಬುಜಾಕ್ಷಿಯವರು ತಮ್ಮ ಕೊಠಡಿಯಲ್ಲಿದ್ದರು. ಕಿಟಕಿಯಿಂದ ಪಡಸಾಲೆ ಕಾಣುತ್ತಿತ್ತು. ಪುಟ್ಟಲಿಂಗಮ್ಮ ಮಗುವಿನ ಕಡೆ ಕೈ ಚಾಚಿದಳು. ಮಗು ಮುಖ ತಿರುಗಿಸಿ ಅಜ್ಜಿಯ ಕುತ್ತಿಗೆ ಅಪ್ಪಿಕೊಂಡಿತು. ಅವಳು ಬಲವಂತ ಮಾಡಲಿಲ್ಲ. ಚಾಚಿದ ಕೈಯನ್ನು ಹಾಗೇ ಮಗುವಿನ ಕಾಲಿಗೆ ತಂದು, ಜಾರಿದ ಗೆಜ್ಜೆ ಸರಿಮಾಡಿದಳು. ಬಿಡುಗಡೆಯಾಗಿ ತಿಂಗಳ ಮೇಲಾಗಿತ್ತು.

ಅಂಬುಜಾಕ್ಷಿಯವರು ಕಿಟಕಿಯಿಂದ ಹಿಂದೆ ಸರಿದರು. ಅಷ್ಟರಲ್ಲಿ ಬಾಗಿಲ ಬಳಿ ಮಾತು ಕೇಳಿಸಿತು. ಆ ಅಜ್ಜಿ ಸೆರಗಿನ ಗಂಟು ಬಿಚ್ಚಿ ಒಂದು ನಿಂಬೆಹಣ್ಣು ತೆಗೆದಿದ್ದಳು. ಅಮ್ಮನೋರ ಕೈಗಿಟ್ಟು ಒಂದು ನಮಸ್ಕಾರ ಮಾಡಿ ಹೋಗುತ್ತೇನೆ ಎಂದು ಚನ್ನಿಗಪ್ಪನನ್ನು ಕೇಳುತ್ತಿದ್ದಳು. ಅವರು ತೆಗೆದುಕೊಳ್ಳುವುದಿಲ್ಲ ಎಂದು ಚನ್ನಿಗಪ್ಪ ಹೇಳಲು ಬಾಯಿ ತೆರೆದ. ಒಳಗಿದ್ದ ಅಂಬುಜಾಕ್ಷಿಯವರ ನಾಲಿಗೆಯ ಮೇಲೂ ಆ ಅಡಿಕೆ ಆನೆಯ ಗಾದೆ ಅಭ್ಯಾಸದಿಂದ ಬಂದು ನಿಂತಿತು. ಇಬ್ಬರಿಗಿಂತ ಮೊದಲು ಮಾತಾಡಿದವಳು ಪುಟ್ಟಲಿಂಗಮ್ಮ.

"ಮಡಿಕ್ಕೊಳವ್ವ ಅದನ್ನ. ಆವತ್ತೇ ಕೊಡಬೇಕಾಗಿದ್ದನ್ನ ಈಗ ಕೊಟ್ಟವ್ರೆ. ಅದಕ್ಯಾಕೆ ನಿಂಬೆಹಣ್ಣು?"

ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಹೇಳುವ ಅದೇ ದನಿ. ಅಜ್ಜಿ ಹಣ್ಣನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು. ಮೂವರೂ ಪಡಸಾಲೆ ದಾಟಿ ಮೆಟ್ಟಿಲಿಳಿದರು, ಮಗು ಅಜ್ಜಿಯ ಸೊಂಟದಲ್ಲೇ ಇತ್ತು.

ಇಷ್ಟು ವರ್ಷ ಬಂದ ನಿಂಬೆಹಣ್ಣುಗಳನ್ನೆಲ್ಲ ಅಂಬುಜಾಕ್ಷಿಯವರು ಹಿಂದಕ್ಕೆ ಕಳಿಸಿದ್ದರು. ಅವರು ಬೇಡವೆನ್ನುವ ಮೊದಲೇ ಹಿಂದಕ್ಕೆ ಹೋದದ್ದು ಇದೊಂದೇ. ಚನ್ನಿಗಪ್ಪ ಒಳಗೆ ಬಂದು, ಏನೂ ಕೇಳಿಸದವನಂತೆ, ಮಧ್ಯಾಹ್ನದ ಕಲಾಪಕ್ಕೆ ಹೊತ್ತಾಯಿತು ಎಂದ. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಕೋರ್ಟು ಹಾಲಿಗೆ ಹೋಗಿ ಕೂತು, ಸೂಚಿಯ ಪರದೆಯನ್ನು ವಕೀಲರ ಕಡೆಗೆ ತಿರುಗಿಸಿಟ್ಟು, ಮೊದಲ ಕೇಸು ಕರೆಯಲು ಹೇಳಿದರು.